ಗಾಜಿನ ಫ್ರೇಮಿನೊಳಗಿನ ಹಳೆಯ ಫೋಟೋವನ್ನು ಪ್ರತಿಬಿಂಬ ಬೀಳದಂತೆ ತೆಗೆಯುವುದು ಹೇಗೆ?

ಪ್ರಶ್ನೆ: ಕೋಲಾರದ ನಮ್ಮ ಹಳೆಯ ಮನೆಯ ನಡುಮನೆಯಲ್ಲಿ ಹಿರಿಯರ ಫೋಟೋಗಳು ಗಾಜಿನ ಫ್ರೇಮಿನಲ್ಲಿವೆ. ಅವುಗಳಲ್ಲಿ ಒಂದು, ನಮ್ಮ ತಾತ ಕೆ.ಜಿ.ಎಫ್. ಗಣಿಯಲ್ಲಿ ಕೆಲಸಕ್ಕಿದ್ದಾಗ ಜೊತೆಗಾರರೊಂದಿಗೆ ತೆಗೆಸಿಕೊಂಡ ಗುಂಪು ಫೋಟೋ. ಸುಮಾರು ಎರಡು ಅಡಿ ಅಗಲ, ಒಂದೂವರೆ ಅಡಿ ಎತ್ತರ ಇದೆ. ಮನೆಯವರಿಗೆಲ್ಲ ಒಂದೊಂದು ಪ್ರತಿ ಮಾಡಿಸಿಕೊಡಬೇಕೆಂದು ಮೊಬೈಲಿನಲ್ಲಿ ತೆಗೆದರೆ ಕಿಟಕಿ, ಟ್ಯೂಬ್‌ಲೈಟು, ನನ್ನ ಮುಖ ಎಲ್ಲವೂ ಗಾಜಿನಲ್ಲಿ ಕಾಣುತ್ತವೆ. ಫೋಟೋ ಅಲ್ಲಲ್ಲಿ ಗಾಜಿಗೆ ಅಂಟಿಕೊಂಡಂತಿರುವುದರಿಂದ ಹೊರಗೆ ತೆಗೆಯಲು ಭಯವಾಗುತ್ತದೆ. ಹೊಳಪು ತಗ್ಗಿಸಲು ಲೆನ್ಸಿನ ಮುಂದೆ ಹಾಕಿ ತಿರುಗಿಸುವ ಪೋಲರೈಸರ್ ಫಿಲ್ಟರ್ ಕೊಂಡರೆ ಸರಿಹೋಗುವುದೇ? ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಗಳಿಗೂ, ಬಸ್ಸಿನ ಕಿಟಕಿಗೂ ಇದೇ ಉಪಾಯವೇ?

ಉತ್ತರ: ಎಲ್ಲಕ್ಕಿಂತ ಮೊದಲು ಒಂದು ವಿನಂತಿ. ಆ ಗುಂಪು ಫೋಟೋವನ್ನು ಗಾಜಿನಿಂದ ಬಿಡಿಸುವ ಪ್ರಯತ್ನವನ್ನು ದಯವಿಟ್ಟು ಮಾಡಬೇಡಿ. ಹಳೆಯ ಕಪ್ಪು-ಬಿಳುಪು ಫೋಟೋಗಳಲ್ಲಿ ಚಿತ್ರವಿರುವುದು ಸಾಮಾನ್ಯವಾಗಿ ಕಾಗದದ ಮೇಲೆ ಲೇಪಿಸಿದ ತೆಳುವಾದ ಜೆಲಟಿನ್ ಪದರದಲ್ಲಿ. ಫ್ರೇಮು ಕಟ್ಟುವಾಗ ಗಾಜಿಗೂ ಫೋಟೋಗೂ ನಡುವೆ ಅಂತರ ಬಿಡದೆ ಒತ್ತಿ ಕೂರಿಸಿದ್ದರೆ, ಮಳೆಗಾಲದ ತೇವಕ್ಕೆ ಜೆಲಟಿನ್ ಮೆತ್ತಗಾಗಿ ಗಾಜನ್ನು ಹಿಡಿದುಕೊಳ್ಳುತ್ತದೆ, ಬೇಸಿಗೆಯಲ್ಲಿ ಒಣಗಿ ಗೋಂದಿನಂತೆ ಗಟ್ಟಿಯಾಗುತ್ತದೆ. ಎಳೆದರೆ ಕಾಗದ ಕೈಗೆ ಬರುತ್ತದೆ, ಮುಖಗಳು ಗಾಜಿನ ಮೇಲೆಯೇ ಉಳಿಯುತ್ತವೆ. ಆದ್ದರಿಂದ ಗಾಜನ್ನು ಇದ್ದಲ್ಲಿಯೇ ಬಿಟ್ಟು, ಅದರ ಮೂಲಕವೇ ಒಳ್ಳೆಯ ಪ್ರತಿ ತೆಗೆಯುವುದೇ ನಿಮ್ಮ ಮುಂದಿರುವ ಸರಿಯಾದ ದಾರಿ. ಅದು ಖಂಡಿತ ಸಾಧ್ಯವಿದೆ, ಮತ್ತು ಅದಕ್ಕೆ ಫಿಲ್ಟರಿನ ಅಗತ್ಯವೂ ಇಲ್ಲ.

ಪ್ರತಿಬಿಂಬದ ಲೆಕ್ಕವನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನ ಕೆಲಸವೆಲ್ಲ ಸುಲಭವಾಗುತ್ತದೆ. ಸಾಧಾರಣ ಗಾಜಿನ ಮೇಲೆ ಬೆಳಕು ನೇರವಾಗಿ ಬಿದ್ದಾಗ ಮುಂದಿನ ಮೈಯಿಂದ ನೂರಕ್ಕೆ ಸುಮಾರು ನಾಲ್ಕು ಭಾಗ, ಹಿಂದಿನ ಮೈಯಿಂದ ಇನ್ನೊಂದು ನಾಲ್ಕು ಭಾಗ, ಒಟ್ಟು ಎಂಟು ಭಾಗದಷ್ಟು ಹಿಂದಿರುಗುತ್ತದೆ. ಕೇಳಲು ಇದು ಅಲ್ಪವೆನಿಸುತ್ತದೆ. ಆದರೆ ನಿಮ್ಮ ತಾತನವರ ಕೋಟಿನಂತಹ ಗಾಢ ಕಪ್ಪು ಭಾಗ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹಿಂದಿರುಗಿಸುವುದು ನೂರಕ್ಕೆ ಐದು ಭಾಗಕ್ಕಿಂತಲೂ ಕಡಿಮೆ. ಹಗಲಿನಲ್ಲಿ ಕಿಟಕಿಯ ಪ್ರಕಾಶವು ಕೋಣೆಯೊಳಗಿನ ಗೋಡೆಯದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುವುದರಿಂದ, ಅದರ ಎಂಟು ಭಾಗವೇ ಕೋಟಿನ ಕಪ್ಪನ್ನೂ, ಮೀಸೆಯ ಕಪ್ಪನ್ನೂ, ಕಣ್ಣುಗುಡ್ಡೆಯನ್ನೂ ಮುಚ್ಚಿಬಿಡುತ್ತದೆ. ಬಿಳಿಯ ಪಂಚೆಯ ಮೇಲೆ ಅದೇ ಪ್ರತಿಬಿಂಬ ಬಿದ್ದಿದ್ದರೂ ನಿಮಗೆ ಅದು ಅಷ್ಟಾಗಿ ಕಾಣುವುದಿಲ್ಲ. ಆದ್ದರಿಂದ ತೆಗೆದ ಚಿತ್ರವನ್ನು ಪರೀಕ್ಷಿಸುವಾಗ ಯಾವಾಗಲೂ ಅತ್ಯಂತ ಕಪ್ಪಾಗಿರಬೇಕಾದ ಜಾಗವನ್ನು ದೊಡ್ಡದಾಗಿಸಿ ನೋಡಬೇಕು. ಮಬ್ಬು ಇದ್ದರೆ ಮೊದಲು ಕಾಣುವುದು ಅಲ್ಲಿಯೇ.

ಇಲ್ಲಿಂದ ಹೊರಡುವ ತೀರ್ಮಾನ ಒಂದೇ. ಗಾಜು ಎಂಟು ಭಾಗವನ್ನು ಹಿಂದಿರುಗಿಸುವುದನ್ನು ನೀವು ತಡೆಯಲಾರಿರಿ, ಆದರೆ ಅದು ಯಾವುದರ ಎಂಟು ಭಾಗವಾಗಿರಬೇಕು ಎಂಬುದು ನಿಮ್ಮ ಕೈಯಲ್ಲಿದೆ. ಲೆನ್ಸಿಗೆ ಗಾಜಿನಲ್ಲಿ ಕಾಣುವ ಜಾಗದಲ್ಲಿ ಕಿಟಕಿಯಿದ್ದರೆ ಕಿಟಕಿ ಕಾಣುತ್ತದೆ. ಅದೇ ಜಾಗದಲ್ಲಿ ಹೊಳಪಿಲ್ಲದ ಕಪ್ಪು ಬಟ್ಟೆಯಿದ್ದರೆ, ಕಪ್ಪಿನ ಎಂಟು ಭಾಗ ಎಂದರೆ ಹೆಚ್ಚುಕಡಿಮೆ ಏನೂ ಇಲ್ಲ. ಜನರು ಸಾಮಾನ್ಯವಾಗಿ ಕ್ಯಾಮೆರಾವನ್ನು ಅತ್ತಿತ್ತ ಸರಿಸಿ ಪ್ರತಿಬಿಂಬದಿಂದ ತಪ್ಪಿಸಿಕೊಳ್ಳಲು ನೋಡುತ್ತಾರೆ. ಕ್ಯಾಮೆರಾವನ್ನು ಫೋಟೋದ ಎದುರಿಗೆ ಸರಿಯಾಗಿ ನಿಲ್ಲಿಸಿ, ಅದರ ಸುತ್ತಲಿನ ಜಾಗವನ್ನು ಕತ್ತಲಾಗಿಸುವುದು ಅದಕ್ಕಿಂತ ಬಹಳ ಉತ್ತಮ ಎಂದು ನಾನು ಒತ್ತಿ ಹೇಳುತ್ತೇನೆ. ಓರೆಯಾಗಿ ತೆಗೆದ ಗುಂಪು ಫೋಟೋದಲ್ಲಿ ಒಂದು ಬದಿಯವರ ಮುಖ ದೊಡ್ಡದಾಗಿ, ಇನ್ನೊಂದು ಬದಿಯವರದು ಚಿಕ್ಕದಾಗಿ ಬರುತ್ತದೆ. ಅದನ್ನು ಮೊಬೈಲಿನಲ್ಲಿ ಎಳೆದು ಸರಿಮಾಡಬಹುದಾದರೂ ಚಿಕ್ಕದಾದ ಕಡೆ ಕಳೆದುಹೋದ ವಿವರ ಮರಳಿ ಬರುವುದಿಲ್ಲ.

ಎಷ್ಟು ಜಾಗವನ್ನು ಕತ್ತಲಾಗಿಸಬೇಕು ಎಂಬುದಕ್ಕೆ ನೆನಪಿಡಲು ಸುಲಭವಾದ ಲೆಕ್ಕವಿದೆ. ಲೆನ್ಸು ಫೋಟೋದ ನಟ್ಟನಡುವಿಗೆ ನೇರವಾಗಿದ್ದರೆ, ಲೆನ್ಸ್ ಇರುವ ಸ್ಥಳದಲ್ಲಿ ಫ್ರೇಮಿನ ಎರಡು ಪಟ್ಟು ಅಗಲ ಮತ್ತು ಎರಡು ಪಟ್ಟು ಎತ್ತರದ ಪ್ರದೇಶ ಮಾತ್ರ ಗಾಜಿನಲ್ಲಿ ಕಾಣುತ್ತದೆ. ನೀವು ಮೂರು ಅಡಿ ದೂರದಲ್ಲಿ ನಿಂತರೂ ಆರು ಅಡಿ ದೂರದಲ್ಲಿ ನಿಂತರೂ ಈ ಲೆಕ್ಕ ಬದಲಾಗುವುದಿಲ್ಲ. ನಿಮ್ಮ ಎರಡು ಅಡಿ ಅಗಲ, ಒಂದೂವರೆ ಅಡಿ ಎತ್ತರದ ಫೋಟೋಗೆ ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರದ ಕಪ್ಪು ಪರದೆ ಬೇಕು. ಅಂಚಿಗೆ ಅರ್ಧರ್ಧ ಅಡಿ ಹೆಚ್ಚಿಗೆ ಇಟ್ಟುಕೊಂಡರೆ ನಿಶ್ಚಿಂತೆ. ಪರದೆಯನ್ನು ಲೆನ್ಸಿನ ಬಳಿ ಕಟ್ಟದೆ ಹಿಂದಿನ ಗೋಡೆಗೆ ಹಾಕುವುದಾದರೆ ಅದು ಇನ್ನೂ ದೊಡ್ಡದಾಗಬೇಕಾಗುತ್ತದೆ. ಫೋಟೋದಿಂದ ಐದು ಅಡಿ ದೂರದಲ್ಲಿ ಮೊಬೈಲು, ಹತ್ತು ಅಡಿ ದೂರದಲ್ಲಿ ಗೋಡೆ ಇದ್ದರೆ ಆರು ಅಡಿ ಅಗಲದ ಬಟ್ಟೆ ಬೇಕು, ಮತ್ತು ನಡುವೆ ನಿಂತಿರುವ ನೀವು ಆಗಲೂ ಗಾಜಿನಲ್ಲಿ ಕಾಣುತ್ತೀರಿ. ಆದ್ದರಿಂದ ಪರದೆಯು ನಿಮ್ಮ ಮುಂದೆಯೇ ಇರಲಿ, ಲೆನ್ಸ್ ಮಾತ್ರ ಅದರ ಸಂದಿಯಿಂದ ಇಣುಕಲಿ.

ಬಟ್ಟೆಯ ಆಯ್ಕೆಯಲ್ಲಿ ನಮ್ಮ ಕಡೆಯವರಿಗೆ ಒಂದು ಅನುಕೂಲವಿದೆ. ಕೋಲಾರ, ತುಮಕೂರು ಸೀಮೆಯ ಹಳ್ಳಿಮನೆಗಳಲ್ಲಿ ಇನ್ನೂ ಉಳಿದಿರುವ ಕುರಿಯುಣ್ಣೆಯ ಕರಿಕಂಬಳಿ ಈ ಕೆಲಸಕ್ಕೆ ಬಹಳ ಚೆನ್ನಾಗಿ ಒಗ್ಗುತ್ತದೆ. ಅದರ ಒರಟು ಎಳೆಗಳು ಬೆಳಕನ್ನು ಒಳಗೆ ಸೇರಿಸಿಕೊಳ್ಳುತ್ತವೆಯೇ ಹೊರತು ಹಿಂದಕ್ಕೆ ಕಳುಹಿಸುವುದಿಲ್ಲ. ಕಪ್ಪು ರೇಷ್ಮೆ, ಸ್ಯಾಟಿನ್, ಕೊಡೆಯ ಬಟ್ಟೆ, ಪ್ಲಾಸ್ಟಿಕ್ ಹಾಳೆ ಇವು ಯಾವುವೂ ಬೇಡ, ಏಕೆಂದರೆ ಬಣ್ಣ ಕಪ್ಪಾದರೂ ಮಡಿಕೆಗಳ ಮೇಲೆ ಹೊಳಪು ಕೂರುತ್ತದೆ. ಕಂಬಳಿಗೆ ತೂತು ಮಾಡಬೇಕಾಗಿಲ್ಲ. ಬಾಗಿಲಿನ ಚಿಲಕದಿಂದ ಎದುರಿನ ಕಿಟಕಿಯ ಸರಳಿಗೆ ಹಗ್ಗ ಕಟ್ಟಿ, ಎರಡು ಕಂಬಳಿಗಳನ್ನು ಅಂಚು ಒಂದರ ಮೇಲೊಂದು ಬರುವಂತೆ ಇಳಿಬಿಟ್ಟು, ಆ ಸಂದಿಯಲ್ಲಿ ಲೆನ್ಸನ್ನು ಇರಿಸಿದರೆ ಸಾಕು. ಮೊಬೈಲಿನ ಬೆಳ್ಳಿಬಣ್ಣದ ಅಂಚು ಹಾಗೂ ಬೆರಳುಗಳು ಕಂಬಳಿಯ ಹಿಂದೆ ಮರೆಯಾಗಿರಬೇಕು.

ಇನ್ನು ಬೆಳಕು. ಎದುರುಗಡೆ ಕತ್ತಲಾಯಿತು, ಹಾಗಾದರೆ ಫೋಟೋದ ಮೇಲೆ ಬೆಳಕು ಎಲ್ಲಿಂದ ಬೀಳಬೇಕು? ಪಕ್ಕದಿಂದ. ಇಲ್ಲಿ ದೂರದ ಮಹತ್ವ ಬರುತ್ತದೆ. ಎರಡು ಅಡಿ ಅಗಲದ ಫೋಟೋವನ್ನು ಎರಡೇ ಅಡಿ ದೂರದಿಂದ ತೆಗೆದರೆ, ಅದರ ಅಂಚಿನಲ್ಲಿ ನೇರದಿಂದ ಸುಮಾರು 27 ಡಿಗ್ರಿ ಓರೆಯಲ್ಲಿರುವ ವಸ್ತುವೂ ಗಾಜಿನಲ್ಲಿ ಕಾಣುತ್ತದೆ. ಐದು ಅಡಿ ದೂರಕ್ಕೆ ಸರಿದರೆ ಈ ಕೋನ ಸುಮಾರು 11 ಡಿಗ್ರಿಗೆ ಇಳಿಯುತ್ತದೆ. ಆಗ ಪಕ್ಕದ ಗೋಡೆಯ ಕಿಟಕಿಯಿಂದ 45 ಡಿಗ್ರಿಯಷ್ಟು ಓರೆಯಾಗಿ ಬರುವ ಬೆಳಕು ಫೋಟೋವನ್ನು ಚೆನ್ನಾಗಿ ಬೆಳಗುತ್ತದೆ. ಆದರೆ ಗಾಜಿನಿಂದ ಪುಟಿದ ಅದರ ಹೊಳಪು ಇನ್ನೊಂದು ಬದಿಗೆ ಹೊರಟುಹೋಗುತ್ತದೆ, ಲೆನ್ಸಿಗೆ ಬರುವುದಿಲ್ಲ. ಹತ್ತಿರ ಹೋಗಿ ಮೊಬೈಲಿನ ಸಾಧಾರಣ ಅಗಲ ಲೆನ್ಸಿನಲ್ಲಿ ತೆಗೆಯುವುದು ಬೇಡವೆನ್ನುವುದಕ್ಕೆ ಇದೇ ಕಾರಣ. ನಿಮ್ಮ ಮೊಬೈಲಿನಲ್ಲಿ ಎರಡು ಅಥವಾ ಮೂರು ಪಟ್ಟು ಹತ್ತಿರ ತರುವ ಪ್ರತ್ಯೇಕ ಟೆಲಿ ಲೆನ್ಸ್ ಇದ್ದರೆ ಅದನ್ನು ಆರಿಸಿಕೊಂಡು ಹಿಂದಕ್ಕೆ ಸರಿಯಿರಿ. ಫ್ರೇಮಿನ ಗೆರೆಗಳೂ ಆಗ ನೇರವಾಗಿ ಬರುತ್ತವೆ.

ಫೋಟೋವನ್ನು ಗೋಡೆಯಿಂದ ಇಳಿಸಿಕೊಳ್ಳುವುದು ಒಳ್ಳೆಯದು. ಹಳೆಯ ಮನೆಗಳಲ್ಲಿ ಫೋಟೋಗಳನ್ನು ಎತ್ತರದಲ್ಲಿ, ಮೇಲಂಚನ್ನು ಮುಂದಕ್ಕೆ ಬಾಗಿಸಿ ತೂಗುಹಾಕುವ ರೂಢಿಯಿದೆ. ಕೆಳಗೆ ನಿಂತು ನೋಡುವವರಿಗೆ ಬೆಳಕಿಂಡಿಯ ಹೊಳಪು ಅದರಿಂದ ತಪ್ಪುತ್ತದೆ ನಿಜ, ಆದರೆ ಕ್ಯಾಮೆರಾಕ್ಕೆ ಬಾಗಿಲಿನ ಕೆಳಭಾಗವೂ, ಪಾಲಿಶ್ ಮಾಡಿದ ಕೆಂಪು ಗಾರೆಯ ನೆಲವೂ ಗಾಜಿನಲ್ಲಿ ಕಾಣತೊಡಗುತ್ತವೆ. ಇಳಿಸಿದ ಫ್ರೇಮನ್ನು ಕಿಟಕಿಗೆ ಅಡ್ಡವಾಗಿರುವ ಗೋಡೆಯ ಮಗ್ಗುಲಲ್ಲಿ, ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ. ಕಿಟಕಿಯಿಂದ ಬಿಸಿಲು ನೇರವಾಗಿ ಬೀಳುತ್ತಿದ್ದರೆ ತೆಳುವಾದ ಬಿಳಿ ಪರದೆ ಎಳೆಯಿರಿ. ಕಿಟಕಿಗೆ ದೂರವಾದ ಬದಿಯವರ ಮುಖಗಳು ಮಂಕಾಗಿ ಬರುತ್ತವೆ. ಅದಕ್ಕೆ ಆ ಬದಿಯಲ್ಲಿ ಒಗೆದ ಬಿಳಿ ಪಂಚೆಯನ್ನೋ ಹಾಸಿಗೆಯ ಬಿಳಿ ಹೊದಿಕೆಯನ್ನೋ ಅಗಲವಾಗಿ ಹಿಡಿದರೆ ಕಿಟಕಿಯ ಬೆಳಕೇ ತಿರುಗಿ ಬಿದ್ದು ಎರಡೂ ಬದಿ ಸಮವಾಗುತ್ತವೆ. ಆ ಬಿಳಿ ಬಟ್ಟೆ ಮಾತ್ರ ಎರಡು ಪಟ್ಟಿನ ಎಲ್ಲೆಯಿಂದ ಹೊರಗಿರಬೇಕು, ಇಲ್ಲವಾದರೆ ಅದೇ ಗಾಜಿನಲ್ಲಿ ಮೂಡುತ್ತದೆ. ಟ್ಯೂಬ್‌ಲೈಟು, ಬಲ್ಬುಗಳನ್ನೆಲ್ಲ ಆರಿಸಿ, ಏಕೆಂದರೆ ಹಗಲಿನ ಬೆಳಕಿನೊಂದಿಗೆ ಅವು ಬೆರೆತರೆ ಹಳೆಯ ಫೋಟೋದ ಕಂದುಛಾಯೆ ಒಂದು ಕಡೆ ಹಳದಿಗೂ ಇನ್ನೊಂದು ಕಡೆ ನೀಲಿಗೂ ತಿರುಗುತ್ತದೆ. ಫ್ಲ್ಯಾಶಂತೂ ಬೇಡವೇ ಬೇಡ. ಲೆನ್ಸಿನ ಪಕ್ಕದಲ್ಲೇ ಇರುವ ಆ ಬೆಳಕು ಗಾಜಿನ ನಡುವೆ ಬಿಳಿಯ ಉರಿಯಾಗಿ ಮರಳಿ ಬರುತ್ತದೆ.

ಗಾಜನ್ನು ಒರೆಸುವಾಗ ಎಚ್ಚರಿಕೆಯಿರಲಿ. ವರ್ಷಗಟ್ಟಲೆ ಹಾರ, ಕುಂಕುಮ, ಊದುಬತ್ತಿಯ ಹೊಗೆ ಕಂಡ ಗಾಜಿನ ಮೇಲೆ ಜಿಡ್ಡಿನ ಪದರ ಇದ್ದೇ ಇರುತ್ತದೆ, ಮತ್ತು ಪಕ್ಕದಿಂದ ಬೆಳಕು ಬಿದ್ದಾಗ ಅದು ಎದ್ದು ಕಾಣುತ್ತದೆ. ನೀರನ್ನಾಗಲಿ ಕ್ಲೀನರನ್ನಾಗಲಿ ಗಾಜಿನ ಮೇಲೆ ಸಿಂಪಡಿಸಬೇಡಿ, ಅಂಚಿನಿಂದ ಒಳಗಿಳಿದರೆ ಫೋಟೋ ಇನ್ನಷ್ಟು ಅಂಟಿಕೊಳ್ಳುತ್ತದೆ. ಮೆತ್ತನೆಯ ಬಟ್ಟೆಯನ್ನು ಸ್ವಲ್ಪವೇ ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ಅಂಚನ್ನು ಬಿಟ್ಟು ನಡುಭಾಗವನ್ನು ಒರೆಸಿ, ಕೂಡಲೇ ಒಣ ಬಟ್ಟೆಯಿಂದ ತೀಡಿ.

ಅಂಟಿಕೊಂಡ ಜಾಗಗಳು ನಿಮಗೆ ಒದ್ದೆಯಾದಂತೆ, ಸುತ್ತಲಿಗಿಂತ ಗಾಢವಾಗಿ ಕಾಣುತ್ತಿರಬಹುದು. ಅಲ್ಲಿ ಜೆಲಟಿನ್ ಮತ್ತು ಗಾಜಿನ ನಡುವೆ ಗಾಳಿಯೇ ಇಲ್ಲದಿರುವುದರಿಂದ ಗಾಜಿನ ಹಿಂದಿನ ಮೈಯ ಪ್ರತಿಫಲನ ಬಹುಪಾಲು ಇಲ್ಲವಾಗಿದೆ. ಗಾಳಿಯಿರುವ ಕಡೆ ಆ ಪ್ರತಿಫಲನ ಸೇರಿ ಚಿತ್ರ ತೆಳುವಾಗಿ ಕಾಣುತ್ತದೆ. ಕೋಣೆಯ ಬೆಳಕು ಎಲ್ಲ ಕಡೆಯಿಂದಲೂ ಬೀಳುವಾಗ ಈ ಕಲೆಗಳು ಎದ್ದು ತೋರುತ್ತವೆ. ಎದುರಿಗೆ ಕಂಬಳಿ ಇಳಿಬಿಟ್ಟೊಡನೆ ಎರಡೂ ಕಡೆಯ ಪ್ರತಿಫಲನ ಕುಗ್ಗುವುದರಿಂದ ಕಲೆಗಳ ವ್ಯತ್ಯಾಸವೂ ಬಹಳ ಮಟ್ಟಿಗೆ ತಗ್ಗುತ್ತದೆ. ಅಂಟಿಕೊಂಡ ಫೋಟೋಗಳಿಗೆ ಈ ವಿಧಾನವನ್ನೇ ನಾನು ಮೊದಲು ಹೇಳುವುದು ಇದಕ್ಕಾಗಿಯೇ.

ತೆಗೆಯುವ ಗಳಿಗೆಯಲ್ಲಿ ಮೊಬೈಲು ಕೈಯಲ್ಲಿರಬಾರದು. ಸ್ಟ್ಯಾಂಡಿನ ಮೇಲೋ, ಸ್ಟೂಲಿನ ಮೇಲೆ ಪುಸ್ತಕಗಳನ್ನು ಪೇರಿಸಿಯೋ, ಲೆನ್ಸು ಫೋಟೋದ ನಡುವಿನ ಎತ್ತರಕ್ಕೆ ಬರುವಂತೆ ನಿಲ್ಲಿಸಿ, ಮೂರು ಸೆಕೆಂಡಿನ ಟೈಮರ್ ಹಾಕಿ. ಫೋಕಸ್ ವಿಷಯದಲ್ಲಿ ಒಂದು ಸೂಕ್ಷ್ಮವಿದೆ: ಪ್ರತಿಬಿಂಬವು ಗಾಜಿನ ಮುಂದೆ ವಸ್ತು ಎಷ್ಟು ದೂರದಲ್ಲಿದೆಯೋ ಗಾಜಿನ ಹಿಂದೆ ಅಷ್ಟೇ ದೂರದಲ್ಲಿರುವಂತೆ ಲೆನ್ಸಿಗೆ ತೋರುತ್ತದೆ. ಕಿಟಕಿಯ ಸರಳುಗಳಂತಹ ತೀಕ್ಷ್ಣ ಗೆರೆಗಳು ಗಾಜಿನಲ್ಲಿದ್ದರೆ ಮೊಬೈಲು ಅವುಗಳನ್ನೇ ಹಿಡಿದು, ಹಿರಿಯರ ಮುಖವನ್ನು ಮಸುಕಾಗಿ ಬಿಡಬಹುದು. ಮೊಬೈಲಿನ ಪರದೆಯ ಮೇಲೆ ಒಂದು ಮುಖದ ಬಳಿ ಬೆರಳೊತ್ತಿ ಫೋಕಸ್ ಅನ್ನು ಅಲ್ಲಿಯೇ ನಿಲ್ಲಿಸಿಕೊಳ್ಳಿ.

ಪರದೆ ಕಟ್ಟಲು ಸಾಧ್ಯವೇ ಇಲ್ಲದ ಕಡೆ, ಉದಾಹರಣೆಗೆ ನೆಂಟರ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆದು ಕೂರಿಸಿದ ಫೋಟೋ ಇದ್ದಾಗ, ಇನ್ನೊಂದು ದಾರಿಯಿದೆ. ಪ್ರತಿಬಿಂಬವು ಚಿತ್ರಕ್ಕೆ ಬೆಳಕನ್ನು ಕೂಡಿಸಬಲ್ಲದೇ ಹೊರತು ಕಳೆಯಲಾರದು. ಕ್ಯಾಮೆರಾ ಸರಿದಂತೆ ಪ್ರತಿಬಿಂಬ ಜಾಗ ಬದಲಿಸುತ್ತದೆ, ಫೋಟೋದೊಳಗಿನವರು ಬದಲಿಸುವುದಿಲ್ಲ. ನಾಲ್ಕಾರು ಜಾಗಗಳಿಂದ ಒಂದೇ ಫೋಟೋವನ್ನು ತೆಗೆದು, ಒಂದರ ಮೇಲೊಂದು ಜೋಡಿಸಿ, ಪ್ರತಿ ಬಿಂದುವಿನಲ್ಲೂ ಅತಿ ಗಾಢವಾದುದನ್ನು ಉಳಿಸಿಕೊಂಡರೆ ಹೊಳಪು ಕಳಚಿಹೋಗುತ್ತದೆ. ಗೂಗಲ್ 2016ರಲ್ಲಿ ಹೊರತಂದ ಫೋಟೋಸ್ಕ್ಯಾನ್ ಆ್ಯಪ್ ಕೂಡ ಹಲವು ಕೋನಗಳಿಂದ ಚಿತ್ರ ತೆಗೆಸಿ, ಅವುಗಳನ್ನು ಕೂಡಿಸಿಯೇ ಹೊಳಪನ್ನು ನೀಗಿಸುತ್ತದೆ. ಇದು ಒಪ್ಪತಕ್ಕ ವಿಧಾನ, ಏಕೆಂದರೆ ಉಳಿಯುವ ಪ್ರತಿಯೊಂದು ಬಿಂದುವೂ ನಿಜವಾದ ಫೋಟೋದಿಂದಲೇ ಬಂದದ್ದು. ಆದರೆ ಒಂದೇ ಚಿತ್ರವನ್ನು ತೆಗೆದುಕೊಂಡು ಪ್ರತಿಬಿಂಬ ಅಳಿಸಿಕೊಡುವ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳನ್ನು ಹಿರಿಯರ ಫೋಟೋಗಳಿಗೆ ಬಳಸುವುದಕ್ಕೆ ನನ್ನ ಸ್ಪಷ್ಟ ವಿರೋಧವಿದೆ. ಹೊಳಪು ಪೂರ್ತಿಯಾಗಿ ನುಂಗಿದ ಕಣ್ಣನ್ನು ಅವು ಮರಳಿ ತರಲಾರವು, ಹೊಸ ಕಣ್ಣೊಂದನ್ನು ಊಹಿಸಿ ಬರೆಯುತ್ತವೆ. ನಿಮ್ಮ ತಾತ ದುಡಿದ ಕೆ.ಜಿ.ಎಫ್. ಗಣಿಗಳು 2001ರಲ್ಲಿ ಮುಚ್ಚಿದವು. ಅಲ್ಲಿ ದುಡಿದವರ ಮುಖಗಳು ಉಳಿದಿರುವುದು ಬಹುಪಾಲು ಇಂತಹ ಫ್ರೇಮುಗಳಲ್ಲೇ. ಅವುಗಳ ಮೇಲೆ ಊಹೆಯ ಮುಖ ಬರೆಸುವುದು ಸಲ್ಲದು.

ಈಗ ಪೋಲರೈಸರ್ ವಿಚಾರ. ಈ ಫಿಲ್ಟರಿನ ಹಿಂದಿರುವ ವಿಜ್ಞಾನ ಹುಟ್ಟಿದ್ದೇ ಕಿಟಕಿಯ ಗಾಜಿನಿಂದ. 1808ರಲ್ಲಿ ಪ್ಯಾರಿಸ್ಸಿನಲ್ಲಿ ಎಟಿಯೆನ್ ಲೂಯಿ ಮಾಲ್ಯೂಸ್ ಎಂಬ ಎಂಜಿನಿಯರ್, ಲಕ್ಸೆಂಬರ್ಗ್ ಅರಮನೆಯ ಕಿಟಕಿಗಳಲ್ಲಿ ಪ್ರತಿಫಲಿಸಿದ ಸೂರ್ಯನನ್ನು ಒಂದು ಹರಳಿನ ಮೂಲಕ ನೋಡುತ್ತ, ಹರಳನ್ನು ತಿರುಗಿಸಿದಂತೆ ಬೆಳಕು ಹೆಚ್ಚುಕಡಿಮೆಯಾಗುವುದನ್ನು ಕಂಡನು. ಆ ಪರಿಣಾಮ ಯಾವ ಕೋನದಲ್ಲಿ ಪೂರ್ಣವಾಗುತ್ತದೆ ಎಂಬ ನಿಯಮವನ್ನು 1815ರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ಕೊಟ್ಟನು. ಸಾಧಾರಣ ಗಾಜಿಗೆ ಆ ಕೋನ ನೇರದಿಂದ ಸುಮಾರು 56 ಡಿಗ್ರಿ, ಆ ಓರೆಯಲ್ಲಿ ಮಾತ್ರ ಫಿಲ್ಟರು ಪ್ರತಿಬಿಂಬವನ್ನು ಪೂರ್ತಿಯಾಗಿ ತಡೆಯಬಲ್ಲದು. ನಿಮ್ಮ ಕೆಲಸಕ್ಕೆ ತೊಡಕಾಗುವುದು ಇದೇ: ನೀವು ಫೋಟೋವನ್ನು ಎದುರಿನಿಂದ ತೆಗೆಯಬೇಕು, ಎದುರಿನಿಂದ ಬರುವ ಪ್ರತಿಬಿಂಬದ ಮೇಲೆ ಈ ಫಿಲ್ಟರು ಯಾವ ಪ್ರಭಾವವನ್ನೂ ಬೀರದು. ಅದು ಚೆನ್ನಾಗಿ ಕೆಲಸ ಮಾಡುವ ಓರೆಯಲ್ಲಿ ನಿಂತು ತೆಗೆದರೆ ಫೋಟೋದ ಅಗಲ ಅರ್ಧಕ್ಕಿಂತ ಸ್ವಲ್ಪ ಹೆಚ್ಚಷ್ಟೇ ಉಳಿದು ಮುಖಗಳು ಸೊಟ್ಟಗಾಗುತ್ತವೆ. ಅದಲ್ಲದೆ ಫಿಲ್ಟರು ಒಂದರಿಂದ ಎರಡು ಸ್ಟಾಪ್‌ನಷ್ಟು, ಎಂದರೆ ಅರ್ಧದಿಂದ ಮುಕ್ಕಾಲು ಪಾಲು, ಬೆಳಕನ್ನು ತಿನ್ನುತ್ತದೆ. ದೀಪಗಳ ಮುಂದೆಯೂ ಲೆನ್ಸಿನ ಮುಂದೆಯೂ ಪೋಲರೈಸರ್ ಇಟ್ಟು, ಒಂದಕ್ಕೊಂದು ಅಡ್ಡವಾಗಿ ತಿರುಗಿಸಿ ಹೊಳಪನ್ನು ತೆಗೆಯುವ ವಿಧಾನವೊಂದು ಸ್ಟುಡಿಯೋಗಳಲ್ಲಿದೆ. ಅದು ಎದುರಿನಿಂದಲೂ ಫಲಿಸುತ್ತದೆ, ಆದರೆ ಒಂದು ಮನೆಯ ನಾಲ್ಕು ಫೋಟೋಗಳಿಗಾಗಿ ಅಷ್ಟು ಖರ್ಚು ಮಾಡಬೇಕೆಂದು ನಾನು ಹೇಳುವುದಿಲ್ಲ.

ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯ ಸಂಗತಿ ಬೇರೆ. ನಿಮ್ಮ ಫೋಟೋ ಗಾಜಿಗೆ ತಾಗಿಕೊಂಡಿದೆ. ಪೆಟ್ಟಿಗೆಯೊಳಗಿನ ವಸ್ತು ಗಾಜಿನಿಂದ ಒಂದಿಷ್ಟು ಹಿಂದೆ ಇರುತ್ತದೆ. ಆದ್ದರಿಂದ ಅಲ್ಲಿ ಲೆನ್ಸನ್ನೇ ಗಾಜಿಗೆ ಹತ್ತಿಸಬಹುದು. ಲೆನ್ಸಿನ ಸುತ್ತ ಪಕ್ಕದ ಬೆಳಕನ್ನು ತಡೆಯುವ ರಬ್ಬರ್ ಹುಡ್ ಇದ್ದರೆ ಒಳ್ಳೆಯದು. ಮೊಬೈಲಾದರೆ ಅಂಗೈಯನ್ನು ಬಟ್ಟಲಿನಂತೆ ಬಾಗಿಸಿ ಅಥವಾ ಕಪ್ಪು ಕರ್ಚೀಫು ಸುತ್ತಿ ಸಂದಿ ಮುಚ್ಚಿದರೂ ಸಾಕು. ಗಾಜಿಗೂ ಲೆನ್ಸಿಗೂ ನಡುವೆ ಬೆಳಕು ನುಗ್ಗಲು ಎಡೆಯೇ ಇಲ್ಲದಿದ್ದರೆ ಪ್ರತಿಬಿಂಬವೂ ಇಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರಾದ ಮುದ್ದೇನಹಳ್ಳಿಯ ಸ್ಮಾರಕದಂತಹ ಸ್ಥಳಗಳಲ್ಲಿ ಮೊದಲು ಸಿಬ್ಬಂದಿಯ ಅನುಮತಿ ಕೇಳಿ, ಗಾಜಿಗೆ ಒರಗಬಾರದೆಂದು ಹೇಳಿದರೆ ಅದಕ್ಕೆ ಒಪ್ಪಿಕೊಳ್ಳಿ. ಆಗ ಓರೆಯಾಗಿ ನಿಂತು ತೆಗೆಯುವುದು ಉಳಿಯುತ್ತದೆ, ಮತ್ತು ಪೋಲರೈಸರ್ ನಿಜವಾಗಿ ನೆರವಾಗುವುದು ಇಂತಹ ಸಂದರ್ಭದಲ್ಲೇ. ಪದಕವನ್ನೋ ಪೆನ್ನನ್ನೋ ಓರೆಯಿಂದ ತೆಗೆದರೆ ತಪ್ಪೇನೂ ಇಲ್ಲ. ಪೆಟ್ಟಿಗೆಯೊಳಗೆ ದೀಪವಿದ್ದು ಹೊರಗಿನ ಕೋಣೆ ಮಂಕಾಗಿರುವ ಹೊತ್ತನ್ನು ಆರಿಸಿಕೊಂಡರೆ ಅರ್ಧ ಕೆಲಸ ತಾನಾಗಿಯೇ ಆಗುತ್ತದೆ. ಪೆಟ್ಟಿಗೆಯ ಹಿಂಬದಿಯೂ ಗಾಜಾಗಿದ್ದರೆ ಅದರಲ್ಲಿ ಮೂಡುವುದನ್ನೂ ಗಮನಿಸಿ.

ಬಸ್ಸಿನ ಕಿಟಕಿಗೂ ಲೆನ್ಸನ್ನು ಗಾಜಿಗೆ ಹತ್ತಿಸುವ ಉಪಾಯವೇ ಸರಿ. ಆದರೆ ಗಾಜಿನ ನಡುಕ ಲೆನ್ಸಿಗೆ ಹರಡದಂತೆ ಕೂದಲೆಳೆಯಷ್ಟು ಅಂತರ ಬಿಟ್ಟು, ಆ ಸಂದಿಯನ್ನು ಕೈಯಿಂದ ಅಥವಾ ಶಾಲಿನಿಂದ ಮುಚ್ಚಬೇಕು. ಚಿಕ್ಕಬಳ್ಳಾಪುರದ ದಾರಿಯಲ್ಲಿ ನಂದಿಬೆಟ್ಟವನ್ನು ಹಾಗೆ ತೆಗೆಯುವಾಗ ಪೋಲರೈಸರ್ ಬೇಡ: ಬಸ್ಸಿನ ಹದಗೊಳಿಸಿದ (ಟೆಂಪರ್ಡ್) ಗಾಜಿನೊಳಗಿನ ಬಿಗಿತಗಳು ಅದರ ಮೂಲಕ ಬಣ್ಣಬಣ್ಣದ ಮಚ್ಚೆಗಳಾಗಿ ಕಾಣುತ್ತವೆ. ಮುಂದೆ ಎಂದಾದರೂ ಕ್ಯಾಮೆರಾ ಕೊಂಡು, ಕೆರೆಯ ನೀರಿನ ಹೊಳಪಿಗೋ ಸಂಗ್ರಹಾಲಯದ ಪೆಟ್ಟಿಗೆಗಳಿಗೋ ಪೋಲರೈಸರ್ ಬೇಕೆನಿಸಿದರೆ, ಲೆನ್ಸಿನ ಮುಂಭಾಗದಲ್ಲಿ ಅಥವಾ ಮುಚ್ಚಳದ ಒಳಬದಿಯಲ್ಲಿ ಬರೆದಿರುವ ವ್ಯಾಸವನ್ನು ಮಿಲಿಮೀಟರಿನಲ್ಲಿ ನೋಡಿಕೊಂಡು, ಅದೇ ಅಳತೆಯ ಸರ್ಕ್ಯುಲರ್ ಬಗೆಯನ್ನು ಕೇಳಿ ಪಡೆಯಿರಿ.